ಅಪ್‌ಡೇಟ್ ಅರ್ಧಕ್ಕೆ ನಿಂತು ಕೆಂಪು ದೀಪ ಮಾತ್ರ ಉಳಿದ ರಿಸೀವರ್

ಪ್ರಶ್ನೆ: ನನ್ನ ಹಳೆಯ ಫ್ರೀ-ಟು-ಏರ್ ಉಪಗ್ರಹ ರಿಸೀವರ್‌ಗೆ ಹಿಂಬದಿಯ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಮೂಲಕ ಹೊಸ ಫರ್ಮ್‌ವೇರ್ (ಬಾಕ್ಸ್ ಒಳಗಿನ ಸಾಫ್ಟ್‌ವೇರ್) ಹಾಕಲು ಹೊರಟೆ. ಲ್ಯಾಪ್‌ಟಾಪ್‌ನಲ್ಲಿ ಸೀರಿಯಲ್ ಪೋರ್ಟ್ ಇಲ್ಲ, ಹಾಗಾಗಿ ಯುಎಸ್‌ಬಿ ಅಡಾಪ್ಟರ್ ಬಳಸಿದೆ. ಮೊದಲು 'ಕನೆಕ್ಟಿಂಗ್' ಅಂತಲೇ ನಿಂತಿತ್ತು. ಕೇಬಲ್ ಬದಲಿಸಿದ ಮೇಲೆ ಶುರುವಾಯಿತು, ಆದರೆ ಶೇ. 37ಕ್ಕೆ ನಿಂತಿತು. ಬಾಕ್ಸ್ ಆಫ್ ಮಾಡಿ ಮತ್ತೆ ಪ್ರಯತ್ನಿಸಿದಾಗ ಶೇ. 61ರವರೆಗೆ ಹೋಗಿ ನಿಂತಿತು. ಈಗ ಕೆಂಪು ದೀಪ ಬಿಟ್ಟರೆ ಬೇರೇನೂ ಇಲ್ಲ, ಟಿವಿಯಲ್ಲಿ ಚಿತ್ರವೂ ಇಲ್ಲ. ಫೈಲ್ 4 ಎಂಬಿ ಇದೆ. ಬಾಕ್ಸ್ ಸತ್ತೇ ಹೋಯಿತೇ?

ಉತ್ತರ: ಸತ್ತಿಲ್ಲ ಎನ್ನಲು ನೀವೇ ಸಾಕ್ಷಿ ಕೊಟ್ಟಿದ್ದೀರಿ. ಮೊದಲ ಸಲ ಕೆಟ್ಟ ನಂತರ ಬಾಕ್ಸನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿದಿರಿ, ಆದರೂ ಅದು ಮತ್ತೆ ಪಿಸಿಗೆ ಉತ್ತರ ಕೊಟ್ಟು ಶೇ. 61ರವರೆಗೆ ಡೇಟಾ ತೆಗೆದುಕೊಂಡಿತು. ಹಾಗೆ ಉತ್ತರ ಕೊಡುವುದು ಬೂಟ್‌ಲೋಡರ್ (ಕರೆಂಟು ಬಂದಾಗ ಮೊದಲು ಓಡಿ ಮುಖ್ಯ ಪ್ರೋಗ್ರಾಂ ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಮಾತ್ರ. ಅಂದರೆ ಅಳಿಸಿಹೋಗಿರುವುದು ಮುಖ್ಯ ಪ್ರೋಗ್ರಾಂ, ಬೂಟ್‌ಲೋಡರ್ ಉಳಿದಿದೆ. ಎರಡನೇ ಪ್ರಯತ್ನದಲ್ಲಿ ಅದನ್ನೂ ಬರೆಯುವ ಆಯ್ಕೆಗೆ ಟಿಕ್ ಹಾಕಿದ್ದರೆ ಮಾತ್ರ ಲೆಕ್ಕ ಬೇರೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಸದ್ಯಕ್ಕೆ ಅದೇ ಕೇಬಲ್, ಅದೇ ಅಡಾಪ್ಟರ್ ಇಟ್ಟುಕೊಂಡು ಮೂರನೇ ಸಲ ಪ್ರಯತ್ನಿಸಬೇಡಿ. ಏನೂ ಬದಲಾಗದಿದ್ದರೆ ಫಲವೂ ಬದಲಾಗುವುದಿಲ್ಲ.

ಅಪ್‌ಡೇಟ್ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ಒಳಗೆ ನಾಲ್ಕು ಹಂತದ ಕೆಲಸ. ಕರೆಂಟು ಬಂದ ಕ್ಷಣದಲ್ಲಿ ಬೂಟ್‌ಲೋಡರ್ ಸೀರಿಯಲ್ ಪೋರ್ಟ್ ಕಡೆ ಸ್ವಲ್ಪ ಹೊತ್ತು ಕಿವಿಗೊಡುತ್ತದೆ. ಪಿಸಿಯ ಟೂಲ್ ಅಷ್ಟರಲ್ಲಿ ಕರೆದರೆ ಓಗೊಡುತ್ತದೆ, ಇಲ್ಲದಿದ್ದರೆ ಮುಖ್ಯ ಪ್ರೋಗ್ರಾಂಗೆ ಹೋಗುತ್ತದೆ. ಆಮೇಲೆ ಫೈಲ್ ತುಂಡು ತುಂಡಾಗಿ ಬರುತ್ತದೆ. ನಂತರ ಪ್ರೋಗ್ರಾಂ ಉಳಿಸಿಡುವ ಫ್ಲ್ಯಾಶ್ ಚಿಪ್‌ನ ಹಳೆಯ ಬ್ಲಾಕ್‌ಗಳನ್ನು ಅಳಿಸಬೇಕು, ಏಕೆಂದರೆ ಫ್ಲ್ಯಾಶ್‌ನಲ್ಲಿ ಹಳೆಯದರ ಮೇಲೆ ನೇರವಾಗಿ ಬರೆಯಲು ಬರುವುದಿಲ್ಲ, ಸ್ಲೇಟಿನ ಹಾಗೆ ಒರೆಸಿಯೇ ಬರೆಯಬೇಕು. ಕೊನೆಗೆ ಬರೆದು, ಓದಿ, ತಾಳೆ ನೋಡುವುದು. ಕೆಲವು ಬಾಕ್ಸ್‌ಗಳು ಇಡೀ ಫೈಲನ್ನು ಮೊದಲು ರ‍್ಯಾಮ್‌ಗೆ ತುಂಬಿಕೊಂಡು, ಚೆಕ್‌ಸಮ್ (ಡೇಟಾ ಕೆಟ್ಟಿಲ್ಲವೇ ಎಂದು ತಾಳೆ ನೋಡುವ ಮೊತ್ತ) ಸರಿಯಾಗಿದ್ದರೆ ಮಾತ್ರ ಫ್ಲ್ಯಾಶ್ ಮುಟ್ಟುತ್ತವೆ. ಇಂಥವುಗಳಲ್ಲಿ ವರ್ಗಾವಣೆ ನಡುವೆ ಎಷ್ಟು ಸಲ ಕೆಟ್ಟರೂ ಹಳೆಯ ಫರ್ಮ್‌ವೇರ್ ಹಾಗೇ ಉಳಿದಿರುತ್ತದೆ. ಇನ್ನು ಕೆಲವು ಮೊದಲೇ ಅಳಿಸಿ, ಬಂದ ತುಂಡನ್ನು ಬಂದ ಹಾಗೆ ಬರೆಯುತ್ತವೆ. ಶೇ. 37ಕ್ಕೆ ನಿಂತ ಮೇಲೆ ನಿಮ್ಮದು ಏಳಲಿಲ್ಲ ಎಂದರೆ ಅದು ಈ ಎರಡನೇ ಜಾತಿಯದು. ಅದಕ್ಕೇ ಮುಂದಿನ ಪ್ರಯತ್ನಕ್ಕೆ ಮೊದಲು ದಾರಿ ಗಟ್ಟಿಯಾಗಿರಬೇಕು.

ಎಲ್ಲಿ ನಿಂತಿತು ಎಂಬುದು ದೊಡ್ಡ ಸುಳಿವು. ಪ್ರತಿ ಸಲ ಒಂದೇ ಅಂಕಿಯಲ್ಲಿ ನಿಂತರೆ ಫೈಲ್ ಅಥವಾ ಫ್ಲ್ಯಾಶ್‌ನ ಆ ಜಾಗದ ಮೇಲೆ ಅನುಮಾನಪಡಬೇಕು. 37, ಆಮೇಲೆ 61 ಎಂದು ಬೇರೆ ಬೇರೆ ಕಡೆ ನಿಂತರೆ ತಪ್ಪು ದಾರಿಯಲ್ಲಿದೆ: ಅಡಾಪ್ಟರ್, ಕೇಬಲ್, ಗ್ರೌಂಡ್ ಅಥವಾ ಬಾಕ್ಸ್‌ನ ಪವರ್ ಸಪ್ಲೈ. ಸಮಯದ ಲೆಕ್ಕವನ್ನೂ ಹಾಕಿ ನೋಡಿ. 115200 ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಬಿಟ್ ವೇಗದಲ್ಲಿ, ಒಂದು ಬೈಟಿಗೆ ಸ್ಟಾರ್ಟ್-ಸ್ಟಾಪ್ ಬಿಟ್ ಸೇರಿ ಹತ್ತು ಬಿಟ್‌ನಂತೆ, ಸೆಕೆಂಡಿಗೆ 11520 ಬೈಟ್ ಹೋಗುತ್ತದೆ. 4 ಎಂಬಿಗೆ ಸುಮಾರು 364 ಸೆಕೆಂಡ್, ಅಂದರೆ ಆರು ನಿಮಿಷದ ಮೇಲೆ ಸ್ವಲ್ಪ. ನಿಮ್ಮಲ್ಲಿ ಇದಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿಯುತ್ತಿದ್ದರೆ ಅಡಾಪ್ಟರ್ ಪ್ರತಿ ಪ್ಯಾಕೆಟ್‌ಗೂ ತಡ ಮಾಡುತ್ತಿದೆ ಎಂದರ್ಥ.

ಮೊದಲ ಕೆಲಸ, ಬಾಕ್ಸ್ ಮಾತಾಡುತ್ತಿದೆಯೇ ನೋಡುವುದು. ಅಪ್‌ಡೇಟ್ ಟೂಲ್ ಮುಚ್ಚಿ. ಪುಟ್ಟಿ ಅಥವಾ ಟೆರಾ ಟರ್ಮ್‌ನಂಥ ಟರ್ಮಿನಲ್ ಪ್ರೋಗ್ರಾಂ ತೆರೆದು 115200 ಬಾಡ್, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್, ಫ್ಲೋ ಕಂಟ್ರೋಲ್ ಇಲ್ಲ ಎಂದು ಹೊಂದಿಸಿ. ನಂತರ ಬಾಕ್ಸ್‌ಗೆ ಕರೆಂಟು ಕೊಡಿ. ಓದಬಲ್ಲ ಅಕ್ಷರಗಳು ನಾಲ್ಕು ಸಾಲು ಬಂದರೂ ಬೂಟ್‌ಲೋಡರ್ ಬದುಕಿದೆ, ಬಾಕ್ಸ್‌ನಿಂದ ಪಿಸಿ ಕಡೆಗಿನ ತಂತಿಯೂ ಸರಿ ಇದೆ. ಬರೀ ಗೀಚಿದಂಥ ಚಿಹ್ನೆಗಳು ಬಂದರೆ ಬಾಡ್ ಬೇರೆ ಇರಬಹುದು, 57600, 38400, 9600 ಹೀಗೆ ಇಳಿಸುತ್ತಾ ನೋಡಿ. ಯಾವ ವೇಗದಲ್ಲೂ ಗೀಚೇ ಬಂದರೆ ವೋಲ್ಟೇಜ್ ಮಟ್ಟವೇ ಹೊಂದುತ್ತಿಲ್ಲ. ಏನೂ ಬಾರದಿದ್ದರೆ ಕೂಡಲೇ ಬೂಟ್‌ಲೋಡರ್ ಹೋಯಿತು ಎಂದು ತೀರ್ಮಾನಿಸಬೇಡಿ. ಕೆಲವು ಬೂಟ್‌ಲೋಡರ್‌ಗಳು ತಾವಾಗಿ ಏನನ್ನೂ ಕಳಿಸುವುದಿಲ್ಲ, ಟೂಲ್ ಕರೆದಾಗ ಮಾತ್ರ ಉತ್ತರ ಕೊಡುತ್ತವೆ.

ಈಗ ಕೇಬಲ್. ಹೆಚ್ಚಿನವರು ಎಡವುವುದು ಇಲ್ಲೇ, ಏಕೆಂದರೆ ಹೊರಗಿನಿಂದ ನೋಡಿದರೆ ಎರಡೂ ಜಾತಿ ಒಂದೇ ಥರ ಕಾಣುತ್ತವೆ. ನೇರ ಕೇಬಲ್‌ನಲ್ಲಿ 2ರಿಂದ 2ಕ್ಕೆ, 3ರಿಂದ 3ಕ್ಕೆ ತಂತಿ ಇರುತ್ತದೆ. ನಲ್ ಮೋಡೆಮ್ ಕೇಬಲ್‌ನಲ್ಲಿ 2 ಹೋಗಿ 3ಕ್ಕೆ, 3 ಹೋಗಿ 2ಕ್ಕೆ ಸೇರುತ್ತದೆ. 5 ಎರಡರಲ್ಲೂ ಗ್ರೌಂಡ್. ಯಾವುದು ಬೇಕು ಎಂಬುದನ್ನು ಪೋರ್ಟ್ ಗಂಡೋ ಹೆಣ್ಣೋ ಎಂದು ನೋಡಿ ಊಹಿಸಬೇಡಿ, ತಯಾರಕರು ಆ ನಿಯಮ ಪಾಲಿಸಿರುವುದಿಲ್ಲ. ಮಲ್ಟಿಮೀಟರ್ ಎರಡು ನಿಮಿಷದಲ್ಲಿ ಹೇಳುತ್ತದೆ. ಕೇಬಲ್ ಬಿಚ್ಚಿಡಿ, ಬಾಕ್ಸ್ ಆನ್ ಮಾಡಿ, ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ತಂತಿ ಬಾಕ್ಸ್‌ನ 5ನೇ ಪಿನ್‌ಗೆ, ಕೆಂಪು ತಂತಿ ಮೊದಲು 2ಕ್ಕೆ, ಆಮೇಲೆ 3ಕ್ಕೆ. ಯಾವುದರಲ್ಲಿ ಮೈನಸ್ 5 ವೋಲ್ಟ್ ಅಥವಾ ಅದಕ್ಕಿಂತ ಆಳದ ಮೈನಸ್ ಕಾಣುತ್ತದೋ ಅದೇ ಬಾಕ್ಸ್ ಕಳಿಸುವ ಪಿನ್. ಕೇಳುವ ಪಿನ್ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಪಿಸಿಯ ಕಡೆ ಕಳಿಸುವುದು ಯಾವಾಗಲೂ 3, ಕೇಳುವುದು 2. ಹಾಗಾಗಿ ಬಾಕ್ಸ್‌ನಲ್ಲಿ ಮೈನಸ್ 2ನೇ ಪಿನ್‌ನಲ್ಲಿದ್ದರೆ ನೇರ ಕೇಬಲ್, 3ರಲ್ಲಿದ್ದರೆ ನಲ್ ಮೋಡೆಮ್. ನಡುವೆ ಗಂಡು-ಹೆಣ್ಣು ಬದಲಿಸುವ ಚಿಕ್ಕ ಕನೆಕ್ಟರ್ ಸೇರಿಸಿದ್ದರೆ ಅದನ್ನೂ ಪರೀಕ್ಷಿಸಿ. ಕೆಲವು ಒಳಗೊಳಗೇ 2 ಮತ್ತು 3ನ್ನು ಅದಲುಬದಲು ಮಾಡಿರುತ್ತವೆ, ಆಗ ನಲ್ ಮೋಡೆಮ್ ಮತ್ತೆ ನೇರ ಕೇಬಲ್ ಆಗಿಬಿಡುತ್ತದೆ.

ಎರಡೂ ಪಿನ್‌ನಲ್ಲಿ ಮೈನಸ್ ಇಲ್ಲ, ಒಂದರಲ್ಲಿ ಮಾತ್ರ ಪ್ಲಸ್ 3.3 ವೋಲ್ಟ್ ಇದೆ ಎಂದಾದರೆ ಅಲ್ಲಿಗೇ ನಿಲ್ಲಿಸಿ. ಅದು ಆರ್‌ಎಸ್-232 (ಪ್ಲಸ್-ಮೈನಸ್ ವೋಲ್ಟೇಜ್ ಬಳಸುವ ಮಾಮೂಲಿ ಸೀರಿಯಲ್ ಪೋರ್ಟ್) ಅಲ್ಲ, ಪ್ರೊಸೆಸರ್‌ನಿಂದ ನೇರವಾಗಿ ಬಂದ ಟಿಟಿಎಲ್ ಮಟ್ಟದ ಪೋರ್ಟ್. 3.5 ಮಿಮೀ ಜ್ಯಾಕ್ ಇರುವ ಪುಟ್ಟ ಬಾಕ್ಸ್‌ಗಳಲ್ಲಿ, ಬೋರ್ಡ್ ಮೇಲಿನ ನಾಲ್ಕು ಪಿನ್ ಹೆಡರ್‌ಗಳಲ್ಲಿ ಇದು ಸಾಮಾನ್ಯ. ಇದಕ್ಕೆ ಆರ್‌ಎಸ್-232 ಕೇಬಲ್ ಸಿಕ್ಕಿಸಿದರೆ ಪ್ಲಸ್-ಮೈನಸ್ ಎರಡೂ ಕಡೆಯ ಹೆಚ್ಚಿನ ವೋಲ್ಟೇಜ್ ನೇರ ಪ್ರೊಸೆಸರ್‌ಗೇ ಹೊಡೆಯುತ್ತದೆ. 3.3 ವೋಲ್ಟ್‌ನ ಯುಎಸ್‌ಬಿ-ಟಿಟಿಎಲ್ ಅಡಾಪ್ಟರ್ ಬೇಕು; ಕಳಿಸುವ, ಕೇಳುವ, ಗ್ರೌಂಡ್ ಈ ಮೂರು ತಂತಿ ಸಾಕು, ಅಡಾಪ್ಟರ್‌ನ ವೋಲ್ಟೇಜ್ ಪಿನ್ ಜೋಡಿಸಬೇಡಿ.

ಆರ್‌ಎಸ್-232 ಪೋರ್ಟ್ ಆಗಿದ್ದೂ ಮೈನಸ್ 1 ಅಥವಾ 2 ವೋಲ್ಟ್ ಮಾತ್ರ ಕಂಡರೆ ಬಾಕ್ಸ್ ಒಳಗೆ ವೋಲ್ಟೇಜ್ ಮಟ್ಟ ಬದಲಿಸುವ ಮ್ಯಾಕ್ಸ್232 ಅಥವಾ ಮ್ಯಾಕ್ಸ್3232 ಚಿಪ್ ಸೊರಗಿದೆ. 16 ಕಾಲಿನ ಆ ಚಿಪ್‌ನ 2ನೇ ಕಾಲಿನಲ್ಲಿ ಪ್ಲಸ್, 6ನೇ ಕಾಲಿನಲ್ಲಿ ಮೈನಸ್ ವೋಲ್ಟೇಜ್ ಇರಬೇಕು, 3.3 ವೋಲ್ಟ್‌ನಲ್ಲಿ ನಡೆಯುವ ಮ್ಯಾಕ್ಸ್3232ನಲ್ಲಿ ಸುಮಾರು 5.5ರಷ್ಟು. ಇಲ್ಲದಿದ್ದರೆ ಸುತ್ತಲಿನ ಪುಟ್ಟ ಕೆಪಾಸಿಟರ್‌ಗಳನ್ನೋ ಚಿಪ್ಪನ್ನೋ ಬದಲಿಸಬೇಕು. ಅಳತೆಗಾಗಿ ಮುಚ್ಚಳ ತೆಗೆದರೆ ಪವರ್ ಸಪ್ಲೈ ಭಾಗದಿಂದ ಕೈ ದೂರವಿರಲಿ. ದೊಡ್ಡ ಕೆಪಾಸಿಟರ್‌ನಲ್ಲಿ ಮುನ್ನೂರು ವೋಲ್ಟ್‌ಗಿಂತಲೂ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಕೇಬಲ್ ಜಾತಿ ಸರಿಯಾದ ಮೇಲೆ ಅದರ ಆರೋಗ್ಯ ನೋಡಿ. ಬಾಕ್ಸ್ ಕಡೆಯ ತುದಿಯಲ್ಲಿ 2 ಮತ್ತು 3ನೇ ಪಿನ್‌ಗಳನ್ನು ಒಂದು ತಂತಿಯಿಂದ ಶಾರ್ಟ್ ಮಾಡಿ, ಟರ್ಮಿನಲ್‌ನಲ್ಲಿ ಲೋಕಲ್ ಎಕೋ (ಒತ್ತಿದ್ದನ್ನು ಪ್ರೋಗ್ರಾಂ ತಾನೇ ತೋರಿಸುವ ಸೆಟ್ಟಿಂಗ್) ಆಫ್ ಇಟ್ಟು ಟೈಪ್ ಮಾಡಿ. ಒತ್ತಿದ ಅಕ್ಷರ ತೆರೆಯಲ್ಲಿ ಮರಳಿ ಬಂದರೆ ಅಡಾಪ್ಟರ್, ಡ್ರೈವರ್ ಮತ್ತು ಡೇಟಾ ತಂತಿಗಳು ಸರಿ. ನಾಲ್ಕು ಅಕ್ಷರಕ್ಕೆ ತೃಪ್ತರಾಗದೆ ಕೆಲವು ಪುಟಗಳಷ್ಟು ಪಠ್ಯವನ್ನು ಒಟ್ಟಿಗೆ ಪೇಸ್ಟ್ ಮಾಡಿ, ಅಕ್ಷರ ಬಿಟ್ಟುಹೋಗಿದೆಯೇ ನೋಡಿ. ಆದರೆ ಈ ಪರೀಕ್ಷೆಗೆ ಒಂದು ಕಣ್ಣಿಲ್ಲ: 5ನೇ ತಂತಿ ಕಡಿದಿದ್ದರೂ ಇದು ಪಾಸಾಗುತ್ತದೆ, ಏಕೆಂದರೆ ಶಾರ್ಟ್ ಮಾಡಿದ ತುದಿಗೆ ಗ್ರೌಂಡ್ ಬೇಕಿಲ್ಲ. ಗ್ರೌಂಡ್ ತಂತಿಯನ್ನು ಮೀಟರ್‌ನ ಬೀಪ್ ಪರೀಕ್ಷೆಯಲ್ಲೇ ನೋಡಬೇಕು. ಶೇ. 37ಕ್ಕೆ, 61ಕ್ಕೆ ಎಂದು ಎಲ್ಲೆಂದರಲ್ಲಿ ನಿಲ್ಲುವ ಕಾಯಿಲೆಗೆ ಇದು ನನ್ನ ಮೊದಲ ಇಬ್ಬರು ಆರೋಪಿಗಳಲ್ಲಿ ಒಂದು. 5ನೇ ತಂತಿ ಕಡಿದಾಗ ಎಚ್‌ಡಿಎಂಐ ಕೇಬಲ್‌ನ ಮೂಲಕವೋ ಡಿಶ್ ಕೇಬಲ್‌ನ ಮೂಲಕವೋ ಸುತ್ತಿ ಬಂದ ಗ್ರೌಂಡ್‌ನಲ್ಲಿ ಸಂಪರ್ಕ ಹೇಗೋ ನಡೆಯುತ್ತಿರುತ್ತದೆ, ಸ್ವಲ್ಪ ಗದ್ದಲ ಸೇರಿದ ಕೂಡಲೇ ಬಿದ್ದುಹೋಗುತ್ತದೆ. ಕೇಬಲ್ ಎರಡು ಮೀಟರ್‌ಗಿಂತ ಉದ್ದ ಬೇಡ.

ಇನ್ನೊಬ್ಬ ಆರೋಪಿ ಅಡಾಪ್ಟರ್. ಎಫ್‌ಟಿಡಿಐ ಚಿಪ್ ಇರುವುದನ್ನು ನಾನು ಮೊದಲು ಆರಿಸುತ್ತೇನೆ, ಸಿಎಚ್340 ಮತ್ತು ಸಿಪಿ2102 ಕೂಡ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಪ್ರೊಲಿಫಿಕ್‌ನ ಹಳೆಯ ಪಿಎಲ್2303ಎಚ್‌ಎಕ್ಸ್‌ಎ ಚಿಪ್ ಮತ್ತು ಅದರ ನಕಲುಗಳನ್ನು ಹೊಸ ಡ್ರೈವರ್ ಬೇಕೆಂದೇ ತಿರಸ್ಕರಿಸುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು, ಕೋಡ್ 10, ಅಥವಾ 2012ರಿಂದ ಈ ಚಿಪ್ ನಿಲ್ಲಿಸಲಾಗಿದೆ ಎಂಬ ಸಂದೇಶ ಕಂಡರೆ ಅಡಾಪ್ಟರ್ ಬದಲಿಸುವುದೇ ಮೇಲು. ಹಳೆಯ ಡ್ರೈವರ್ ಹುಡುಕಿ ಹಾಕಿದರೆ ನಡೆಯುತ್ತದೆ ನಿಜ, ಆದರೆ ಮುಂದಿನ ವಿಂಡೋಸ್ ಅಪ್‌ಡೇಟ್ ಅದನ್ನು ಮತ್ತೆ ಹೊಸದಾಗಿಸುತ್ತದೆ.

ಎಫ್‌ಟಿಡಿಐ ಆದರೂ ಒಂದು ಸೆಟ್ಟಿಂಗ್ ಮುಟ್ಟಲೇಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟ್‌ನ ಪ್ರಾಪರ್ಟೀಸ್, ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್ ಒಳಗೆ ಲೇಟೆನ್ಸಿ ಟೈಮರ್ 16 ಮಿಲಿಸೆಕೆಂಡ್ ಎಂದಿರುತ್ತದೆ, ಅದನ್ನು 1 ಅಥವಾ 2ಕ್ಕೆ ಇಳಿಸಿ. ಬಾಕ್ಸ್ 'ಬಂತು' ಎಂದು ಕಳಿಸುವ ಒಂದೇ ಒಂದು ಬೈಟ್ ಉತ್ತರವನ್ನು ಅಡಾಪ್ಟರ್ ಅಷ್ಟು ಹೊತ್ತು ತನ್ನಲ್ಲೇ ಹಿಡಿದಿಟ್ಟುಕೊಳ್ಳಬಹುದು. ಎಕ್ಸ್‌ಮೋಡೆಮ್ ಎಂಬ ಹಳೆಯ ಫೈಲ್ ವರ್ಗಾವಣೆ ವಿಧಾನದ ಥರ 128 ಬೈಟ್ ಪ್ಯಾಕೆಟ್ ಬಳಸುವ ಬೂಟ್‌ಲೋಡರ್ ಆದರೆ 4 ಎಂಬಿಗೆ 32768 ಪ್ಯಾಕೆಟ್. ಒಂದೊಂದಕ್ಕೆ 16 ಮಿಲಿಸೆಕೆಂಡ್ ಸೇರಿದರೆ ಎಂಟೂವರೆ ನಿಮಿಷಕ್ಕೂ ಹೆಚ್ಚು ಸುಮ್ಮನೆ ಕಾಯುವುದೇ ಆಯಿತು. ಕಾಯುವ ಮಿತಿ ಬಿಗಿಯಾಗಿರುವ ಟೂಲ್ ಅಷ್ಟರಲ್ಲಿ ಟೈಮ್‌ಔಟ್ ಎಂದು ಕೈಬಿಡುತ್ತದೆ.

ಅದೇ ಕಿಟಕಿಯಲ್ಲಿ ಅಡಾಪ್ಟರ್‌ಗೆ ವಿಂಡೋಸ್ ಕೊಟ್ಟ ಕಾಮ್ ಪೋರ್ಟ್ ಸಂಖ್ಯೆಯನ್ನೂ ನೋಡಿಕೊಳ್ಳಿ. ಹಳೆಯ ಟೂಲ್‌ಗಳು ಕಾಮ್ 1ರಿಂದ 4ರವರೆಗೆ ಮಾತ್ರ ತೋರಿಸುತ್ತವೆ, ನಿಮ್ಮ ಅಡಾಪ್ಟರ್ ಕಾಮ್ 12ರಲ್ಲಿ ಕೂತಿದ್ದರೆ ಟೂಲ್‌ಗೆ ಅದು ಕಾಣುವುದೇ ಇಲ್ಲ. ಖಾಲಿ ಇರುವ ಚಿಕ್ಕ ಸಂಖ್ಯೆ ಕೊಡಿ. ಯುಎಸ್‌ಬಿ ಹಬ್‌ನ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಕಂಪ್ಯೂಟರ್ ಈ ಸಾಧನವನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ, ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆಯೂ ಮಾಡಿ. ವರ್ಚುವಲ್ ಮೆಷಿನ್ ಒಳಗಿನಿಂದ ಈ ಕೆಲಸ ಮಾಡಬೇಡಿ, ಅದು ಇನ್ನಷ್ಟು ತಡ ಸೇರಿಸುತ್ತದೆ. ಅಡಾಪ್ಟರ್ ಸಿಕ್ಕಿಸಿದ ಕೂಡಲೇ ಮೌಸ್ ಬಾಣ ತೆರೆಯ ಮೇಲೆ ತನ್ನಷ್ಟಕ್ಕೆ ಕುಣಿಯತೊಡಗಿದರೆ ವೈರಸ್ ಎಂದು ಹೆದರಬೇಡಿ. ಬಾಕ್ಸ್ ಕಳಿಸುತ್ತಿರುವ ಅಕ್ಷರಗಳನ್ನು ವಿಂಡೋಸ್ ಹಳೆಯ ಕಾಲದ ಸೀರಿಯಲ್ ಮೌಸ್ ಎಂದು ತಿಳಿದುಕೊಂಡಿದೆ, ಅಷ್ಟೇ. ಬಾಕ್ಸ್ ಆಫ್ ಇರುವಾಗ ಅಡಾಪ್ಟರ್ ಸಿಕ್ಕಿಸಿದರೆ ಈ ಆಟ ನಡೆಯುವುದಿಲ್ಲ.

ಕರೆಂಟಿನ ವಿಷಯ ಚಿಕ್ಕದು, ಆದರೆ ಮರೆಯಬಾರದು. ಅಪ್‌ಡೇಟ್ ಹೊತ್ತಿಗೆ ಡಿಶ್ ಕೇಬಲ್ ಕಳಚಿ, ಎಲ್‌ಎನ್‌ಬಿಗೆ (ಡಿಶ್ ಮೇಲೆ ಸಿಗ್ನಲ್ ಹಿಡಿಯುವ ಭಾಗಕ್ಕೆ) ಹೋಗುವ ಕರೆಂಟಿನ ಹೊರೆ ಇಳಿಯುತ್ತದೆ. ಎಚ್‌ಡಿಎಂಐಯನ್ನೂ ತೆಗೆಯಿರಿ. ಅರ್ತಿಂಗ್ ಇಲ್ಲದ ಪವರ್ ಸಪ್ಲೈಗಳು ತಮ್ಮ ಫಿಲ್ಟರ್ ಕೆಪಾಸಿಟರ್ ಮೂಲಕ ಲೋಹದ ಕವಚಕ್ಕೆ ಅಲ್ಪ ಪ್ರಮಾಣದಲ್ಲಿ ಮೇನ್ಸ್ ಸೋರಿಸುತ್ತವೆ, ಮುಟ್ಟಿದರೆ ಜುಮ್ಮೆನ್ನುವುದು ಅದರಿಂದಲೇ. ಎರಡೂ ಕಡೆ ಆನ್ ಇರುವಾಗ ಸೀರಿಯಲ್ ಕೇಬಲ್ ಸಿಕ್ಕಿಸಿದರೆ, ಡೇಟಾ ಪಿನ್ ಗ್ರೌಂಡ್‌ಗಿಂತ ಮೊದಲು ತಾಗಿ ಆ ಸೋರಿಕೆ ಚಿಪ್ ಮೂಲಕ ಹರಿದು ಅದನ್ನು ಸುಡಬಹುದು. ಕೇಬಲ್ ಜೋಡಿಸುವಾಗ ಬಾಕ್ಸ್ ಪ್ಲಗ್‌ನಿಂದಲೇ ಹೊರಗಿರಲಿ, ಲ್ಯಾಪ್‌ಟಾಪ್ ಚಾರ್ಜರ್ ಕಳಚಿ ಬ್ಯಾಟರಿಯಲ್ಲಿ ನಡೆಯಲಿ. ಬಾಕ್ಸ್‌ನ ಪವರ್ ಸಪ್ಲೈಯಲ್ಲಿ ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಮೊದಲು ಅದನ್ನು ಬದಲಿಸಿ. ಫ್ಲ್ಯಾಶ್ ಅಳಿಸುವ ಹೊತ್ತಿಗೆ ವೋಲ್ಟೇಜ್ ಕುಸಿದು ಬಾಕ್ಸ್ ರೀಸೆಟ್ ಆದರೆ, ಪಿಸಿಯ ತೆರೆಯಲ್ಲಿ ಅದೂ ಸಂಪರ್ಕ ಕಡಿದ ಹಾಗೇ ಕಾಣುತ್ತದೆ.

ಫೈಲ್ ಮೇಲೆ ನನಗೆ ಅಷ್ಟು ಅನುಮಾನವಿಲ್ಲ, ಆದರೂ ಬರೆಯುವ ಮುನ್ನ ನೋಡಿಬಿಡಿ. ಜಿಪ್ ಅಥವಾ ರಾರ್ ಬಿಚ್ಚದೇ ಹಾಕಿಲ್ಲ ತಾನೇ? ಇಡೀ ಫ್ಲ್ಯಾಶ್‌ನ ಪ್ರತಿಯಾದರೆ ಗಾತ್ರ ಕರಾರುವಾಕ್ಕಾಗಿ 4194304 ಬೈಟ್ ಇರುತ್ತದೆ, ಮುಖ್ಯ ಪ್ರೋಗ್ರಾಂ ಮಾತ್ರವಾದರೆ ಅದಕ್ಕಿಂತ ಕಡಿಮೆ. ತಯಾರಕರು ಎಂಡಿ5 ಎಂಬ ಚೆಕ್‌ಸಮ್ ಕೊಟ್ಟಿದ್ದರೆ ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಕಮಾಂಡ್‌ನಿಂದ ತಾಳೆ ನೋಡಿ. ಮಾದರಿಯ ಹೆಸರು ಒಂದೇ ಆಗಿದ್ದರೂ ಒಳಗಿನ ಬೋರ್ಡ್ ಬೇರೆ ಇರಬಹುದು, ಹಾಗಾಗಿ ಬೋರ್ಡ್ ಮೇಲೆ ಮುದ್ರಿಸಿರುವ ಆವೃತ್ತಿ ಸಂಖ್ಯೆಯನ್ನೂ ಹೋಲಿಸಿ. ಇದೆಲ್ಲ ಫ್ರೀ-ಟು-ಏರ್ ಬಾಕ್ಸ್‌ಗಳ ಮಾತು. ಚಂದಾ ಸೇವೆಯವರು ಕೊಟ್ಟ ಬಾಕ್ಸ್ ಸಾಮಾನ್ಯವಾಗಿ ಕಂಪನಿಯ ಡಿಜಿಟಲ್ ಸಹಿ ಇರುವ ಫೈಲ್ ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ, ಅದನ್ನು ಅವರಿಗೇ ಮರಳಿಸಿ.

ಇಷ್ಟು ಮುಗಿದ ಮೇಲೆ ಬರೆಯುವ ಕ್ರಮ. ಬಾಕ್ಸ್ ಪ್ಲಗ್ ಕಿತ್ತು ಹತ್ತು ಸೆಕೆಂಡ್ ಬಿಡಿ. ರಿಮೋಟ್‌ನಿಂದ ಆಫ್ ಮಾಡಿದರೆ ಅದು ಸ್ಟ್ಯಾಂಡ್‌ಬೈ ಮಾತ್ರ, ಬೂಟ್‌ಲೋಡರ್ ಮತ್ತೆ ಓಡುವುದಿಲ್ಲ. ಟರ್ಮಿನಲ್ ಪ್ರೋಗ್ರಾಂ ಮುಚ್ಚಿ, ಒಂದು ಕಾಮ್ ಪೋರ್ಟನ್ನು ಎರಡು ಪ್ರೋಗ್ರಾಂ ಹಂಚಿಕೊಳ್ಳಲಾರವು. ಟೂಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಪೋರ್ಟ್ ಮತ್ತು ಬಾಡ್ ಆರಿಸಿ, ಮುಖ್ಯ ಪ್ರೋಗ್ರಾಂ ಮಾತ್ರ ಎಂಬ ಆಯ್ಕೆ ಇಟ್ಟುಕೊಳ್ಳಿ. ಬೂಟ್‌ಲೋಡರ್ ಸಹಿತ ಎಂಬುದಕ್ಕೆ ಟಿಕ್ ಬೇಡ. ಕೈಯಲ್ಲಿರುವ ಕೊನೆಯ ಹಗ್ಗ ಅದೊಂದೇ, ಅದನ್ನು ಅಳಿಸಲು ಯಾವ ಕಾರಣವೂ ಇಲ್ಲ. ಟೂಲ್‌ನಲ್ಲಿ ಸ್ಟಾರ್ಟ್ ಒತ್ತಿ ಅದು ಕಾಯತೊಡಗಿದ ಮೇಲೆ ಬಾಕ್ಸ್‌ಗೆ ಕರೆಂಟು ಕೊಡಿ. ಟೂಲ್‌ನಲ್ಲಿ ಅವಕಾಶವಿದ್ದರೆ ಈ ಸಲ 57600ಕ್ಕೆ ಇಳಿಸಿ, ಸಮಯ ಇಮ್ಮಡಿಯಾಗಿ ಹನ್ನೆರಡು ನಿಮಿಷ ದಾಟುತ್ತದೆ, ದಾಟಲಿ. ಅಳಿಸುವ ಹಂತದಲ್ಲಿ ಅಂಕಿ ಒಂದು ನಿಮಿಷದಷ್ಟು ಅಲ್ಲಾಡದೆ ನಿಂತರೂ ಕೈ ಹಾಕಬೇಡಿ, ಹಳೆಯ ಫ್ಲ್ಯಾಶ್ ಚಿಪ್‌ಗಳು ನಿಧಾನ. ಮತ್ತೆ ನಡುವೆ ಕೆಟ್ಟರೆ ತಕ್ಷಣ ಆಫ್ ಮಾಡದೆ, ಟೂಲ್‌ನಲ್ಲಿ ಮತ್ತೊಮ್ಮೆ ಸ್ಟಾರ್ಟ್ ಒತ್ತಿ ನೋಡಿ. ಬಾಕ್ಸ್‌ನ ರ‍್ಯಾಮ್‌ನಲ್ಲಿ ಲೋಡರ್ ಇನ್ನೂ ಓಡುತ್ತಿದ್ದರೆ ಅದಕ್ಕೆ ಫ್ಲ್ಯಾಶ್‌ನ ಹಂಗೇ ಇಲ್ಲ, ಅಲ್ಲಿಂದಲೇ ಕೆಲಸ ಮುಂದುವರಿಯಬಹುದು.

ಎಲ್ಲ ಸರಿಪಡಿಸಿದ ಮೇಲೂ ಬಾಕ್ಸ್ ಯಾವ ಕರೆಗೂ ಓಗೊಡದಿದ್ದರೆ, ಅಥವಾ ಎರಡನೇ ಪ್ರಯತ್ನದಲ್ಲಿ ಬೂಟ್‌ಲೋಡರ್ ಸಹಿತ ಬರೆಯಲು ಹೋಗಿದ್ದರೆ, ಸೀರಿಯಲ್ ದಾರಿ ಮುಚ್ಚಿದೆ. ಆಗ ಫ್ಲ್ಯಾಶ್ ಚಿಪ್ಪನ್ನೇ ಹಿಡಿಯಬೇಕು. ಎಂಟು ಕಾಲಿನ, ಹೆಸರಿನಲ್ಲಿ 25 ಇದ್ದು ಅದರ ಮುಂದೆ 32 ಅಥವಾ 64 ಎಂದು ಬರುವ ಚಿಪ್ ಕಂಡರೆ ಅದೇ: 32 ಎಂದರೆ 32 ಮೆಗಾಬಿಟ್, ಅಂದರೆ 4 ಎಂಬಿ, 64 ಎಂದರೆ 8 ಎಂಬಿ. ಇದಕ್ಕೆ ಚಿಪ್ಪನ್ನು ನೇರವಾಗಿ ಓದಿ ಬರೆಯುವ ಸಿಎಚ್341ಎ ಪ್ರೋಗ್ರಾಮರ್ ಎಂಬ ಸಾಧನ ಸಾಕು. ಆದರೆ ಅದರ ಕಪ್ಪು ಬೋರ್ಡ್‌ನ ಆವೃತ್ತಿ ಚಿಪ್‌ಗೆ 3.3 ವೋಲ್ಟ್ ಕೊಟ್ಟರೂ ಡೇಟಾ ಗೆರೆಗಳಲ್ಲಿ 5 ವೋಲ್ಟ್ ಹರಿಸುತ್ತದೆ, ಮೀಟರ್‌ನಲ್ಲಿ ನೋಡಿ, ಸರಿಪಡಿಸಿಯೇ ಬಳಸಿ. ಕ್ಲಿಪ್ ಹಾಕಿ ಬೋರ್ಡ್ ಮೇಲೇ ಓದಲು ಹೋದರೆ ಆ ಕರೆಂಟು ಪ್ರೊಸೆಸರ್‌ಗೂ ಹೋಗಿ ಅದೂ ಎಚ್ಚೆತ್ತು ನಡುವೆ ಬಾಯಿ ಹಾಕುತ್ತದೆ. ಓದಿದ್ದು ಎರಡು ಸಲ ಒಂದೇ ಥರ ಬಾರದಿದ್ದರೆ ಚಿಪ್ಪನ್ನು ಬೆಸುಗೆ ಬಿಡಿಸಿ ತೆಗೆದು ಓದುವುದೇ ಸರಿ. ಬರೆಯುವ ಮೊದಲು ಈಗಿರುವುದನ್ನು ಎರಡು ಸಲ ಓದಿ, ಎರಡೂ ಪ್ರತಿ ಒಂದೇ ಎಂದು ಖಚಿತಪಡಿಸಿ, ಎತ್ತಿಡಿ. ಸೀರಿಯಲ್ ನಂಬರ್, ಮ್ಯಾಕ್ ವಿಳಾಸದಂಥ ಆ ಬಾಕ್ಸ್‌ಗೆ ಮಾತ್ರ ಸೇರಿದ ಮಾಹಿತಿ ಅದರಲ್ಲಿರುತ್ತದೆ. ಆಮೇಲೆ ಅದೇ ಬೋರ್ಡ್ ಆವೃತ್ತಿಯ ಇನ್ನೊಂದು ಬಾಕ್ಸ್‌ನಿಂದ ತೆಗೆದ ಪೂರ್ಣ ಪ್ರತಿಯನ್ನು ಬರೆಯಬೇಕು. ತಯಾರಕರು ಕೊಡುವ ಅಪ್‌ಡೇಟ್ ಫೈಲ್‌ನಲ್ಲಿ ಬಹಳ ಸಲ ಬೂಟ್‌ಲೋಡರ್ ಇರುವುದಿಲ್ಲ, ಅದನ್ನು ಚಿಪ್‌ನ ಮೊದಲ ವಿಳಾಸದಿಂದ ಬರೆದರೆ ಬಾಕ್ಸ್ ಏಳುವುದಿಲ್ಲ.

ಬಾಕ್ಸ್ ಎದ್ದು ಚಿತ್ರ ಬಂದ ಕೂಡಲೇ ಮೆನುವಿನಿಂದ ಫ್ಯಾಕ್ಟರಿ ರೀಸೆಟ್ ಮಾಡಿ. ಹಳೆಯ ಸೆಟ್ಟಿಂಗ್‌ಗಳು ಫ್ಲ್ಯಾಶ್‌ನ ಬೇರೆ ಭಾಗದಲ್ಲಿ ಉಳಿದಿರುತ್ತವೆ, ಹೊಸ ಪ್ರೋಗ್ರಾಂ ಅದನ್ನು ತಪ್ಪಾಗಿ ಓದಿದರೆ ಚಾನೆಲ್ ಪಟ್ಟಿ ಕಲಸಿಹೋಗುವುದು, ನಡುನಡುವೆ ತಾನಾಗಿ ರೀಸ್ಟಾರ್ಟ್ ಆಗುವುದು ಶುರುವಾಗುತ್ತದೆ. ಚಿತ್ರ ಬಂದೂ ರಿಮೋಟ್ ಕೆಲಸ ಮಾಡದಿದ್ದರೆ, ಮುಂಭಾಗದ ಅಂಕಿಗಳು ಅಡ್ಡಾದಿಡ್ಡಿ ಕಂಡರೆ ಅಥವಾ ಯಾವ ಉಪಗ್ರಹದ ಸಿಗ್ನಲ್ಲೂ ಸಿಗದಿದ್ದರೆ ನೀವು ಹಾಕಿದ್ದು ಅದೇ ಚಿಪ್‌ಸೆಟ್‌ನ ಬೇರೆ ಬೋರ್ಡ್‌ನ ಫೈಲ್. ಟ್ಯೂನರ್ ಮತ್ತು ಮುಂಭಾಗದ ಪ್ಯಾನೆಲ್ ಹೊಂದುತ್ತಿಲ್ಲ. ಬೂಟ್‌ಲೋಡರ್ ಸರಿ ಇರುವುದರಿಂದ ಅದಕ್ಕೆ ಹೆದರಬೇಕಿಲ್ಲ, ಸರಿಯಾದ ಫೈಲ್ ಸಿಕ್ಕಾಗ ಇದೇ ಕ್ರಮದಲ್ಲಿ ಮತ್ತೆ ಬರೆಯಿರಿ.